ಪಾರವ್ವನ ಸೀರೆ ಎಲ್ಲಿಯವರೆಗೆ ಬಂತು?

ಹಳೆಯ ಪಾಲಿಯೆಸ್ಟರ್ ಬಟ್ಟೆಯೊಂದು ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿಹೋಗುವಂತಿದ್ದರೆ? ಆ ನೀರಿನಿಂದಲೇ ಮತ್ತೆ ಹೊಚ್ಚಹೊಸ ನೂಲು ಎಳೆಯುವಂತಿದ್ದರೆ? ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಳಕಲ್ಲಿನ ನೂಲು ಮರುಹುಟ್ಟು ಕೇಂದ್ರದಲ್ಲಿ ಉತ್ತರ ಸಿಕ್ಕಿತ್ತು. ಎರಡನೆಯದಕ್ಕೆ ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಿಲ್ಲವೆಂಬ ಮಾತನ್ನು ಉದ್ಘಾಟನೆಯ ದಿನ ಮೈಕಿನ ಮುಂದೆ ನಿಂತ ದಾನೇಶ್ವರಿ ಕುಬಸದ ಹೇಳಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ದಾನೇಶ್ವರಿ ಕೇಂದ್ರದ ರಸಾಯನ ವಿಭಾಗ ನೋಡಿಕೊಳ್ಳುವವಳು. ಊರಿನವರಿಗೆ ತಿಳಿಯುವ ಹಾಗೆ ನಾಲ್ಕು ಮಾತು ಆಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಒಂದು ವಾರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅತ್ತೆಯ ಮುಂದೆ ಭಾಷಣವನ್ನು ಉರುಹೊಡೆದಿದ್ದಳು.

"ನೀವು ಮುಂಜಾನೆ ಜ್ವಾಳದ ರೊಟ್ಟಿ ತಿಂತೀರಿ," ಎಂದಳು ಮೈಕಿನಲ್ಲಿ. "ಹೊಟ್ಟ್ಯಾಗ ಅದು ರೊಟ್ಟಿಯಾಗಿ ಉಳಿಯಂಗಿಲ್ಲ. ಜೊಲ್ಲಿನ್ಯಾಗ, ಕರಳಿನ್ಯಾಗ ಇರೋ ಕಿಣ್ವಗಳು ಅದನ್ನ ಕತ್ತರಿಸಿ ಕತ್ತರಿಸಿ ಸಣ್ಣ ಸಣ್ಣ ಅಣು ಮಾಡ್ತಾವ. ಆ ಅಣು ತಗೊಂಡು ಮೈ ತನಗ ಬೇಕಾದ್ದನ್ನ ಕಟ್ಟಿಕೊಳ್ತೈತಿ. ನಮ್ಮ ಈ ಗಾಜಿನ ಗಡಿಗಿನೂ ಅದನ್ನ ಮಾಡತೈತಿ. ನೀವು ಹಾಕಿದ ಬಟ್ಟಿ, ಹಾಕಿದಂಗ, ಹೊಸಾದಾಗಿ ನಿಮ್ಮ ಕೈಗಿ ಬರತೈತಿ!"

ಕೊನೆಯ ಆ ಸಾಲನ್ನು ಕೇಂದ್ರದ ಮುಖ್ಯಸ್ಥರಾದ ಡಾ. ಅನ್ವರಸಾಬ ಮುಧೋಳ ಹಿಂದಿನ ದಿನವೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಆದರೆ ಚಪ್ಪಾಳೆ ಬೀಳತೊಡಗಿದಾಗ ಯಾರಿಗೆ ಕೆಂಪು ಶಾಯಿ ನೆನಪಿರುತ್ತದೆ? ದಾನೇಶ್ವರಿಗಂತೂ ಇರಲಿಲ್ಲ.

ಅತಿಥಿಗಳು ಕಚೇರಿಯ ಹಳೆಯ ಪರದೆಯ ತುಂಡನ್ನು ಗಡಿಗೆಗೆ ಹಾಕುವುದೆಂದು ನಿಗದಿಯಾಗಿತ್ತು. ಅವರು ಇನ್ನೂ ಶಾಲು ಸರಿಮಾಡಿಕೊಳ್ಳುತ್ತಿರುವಾಗಲೇ ಮುಂದಿನ ಸಾಲಿನಿಂದ ಎಪ್ಪತ್ತೆಂಟು ವರ್ಷದ ಪಾರವ್ವ ಎದ್ದಳು. ದಾನೇಶ್ವರಿಯ ಅತ್ತೆ. ಕಂಕುಳಲ್ಲಿದ್ದ ಚೀಲದಿಂದ ನೀಲಿಯ ಮೇಲೆ ಬಿಳಿ ಹೂವಿನ ಸೀರೆಯೊಂದನ್ನು ತೆಗೆದು, ಮಡಿಕೆ ಕೂಡ ಬಿಚ್ಚದೆ, ಗಡಿಗೆಯೊಳಗೆ ಇಳಿಬಿಟ್ಟಳು.

"ಮಡಿಕಿ ಮಡಿಕಿಗಿ ಸೀಳಾಕತ್ತಿತ್ತಬೇ," ಎಂದಳು, ಮೈಕಿಗೆ ಕೇಳುವಷ್ಟು ಗಟ್ಟಿಯಾಗಿ. "ಉಗಾದಿಗಿ ಉಡತೀನಿ. ಅಷ್ಟರಾಗ ಮಾಡಿಕೊಡು."

ಜನ ಮತ್ತೆ ಚಪ್ಪಾಳೆ ತಟ್ಟಿದರು. ಅತಿಥಿಗಳು ಗುಂಡಿ ಒತ್ತಿಯೇಬಿಟ್ಟರು. ಬೆಚ್ಚಗಿನ ನೀರು ಸುತ್ತತೊಡಗಿತು, ಕಿಣ್ವ ತನ್ನ ಕೆಲಸ ಹಿಡಿಯಿತು. ಎರಡು ತಾಸಿನೊಳಗೆ ಬಿಳಿ ಹೂವುಗಳೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಯುಗಾದಿಗೆ ಸರಿಯಾಗಿ ಒಂದು ತಿಂಗಳಿತ್ತು.

ಆ ಸೀರೆಯ ಕಥೆ ಅವಳಿಗೆ ಗೊತ್ತಿತ್ತು. ಪಾರವ್ವನ ತೀರಿಕೊಂಡ ಗಂಡ ಸಂಗಪ್ಪ ಜೀವಮಾನವಿಡೀ ಕುಣಿ ಮಗ್ಗದಲ್ಲಿ ಕೂತು ಇಳಕಲ್ ಸೀರೆ ನೇಯ್ದವನು. ನೇಯ್ದದ್ದೆಲ್ಲ ಮಗ್ಗದಿಂದ ಇಳಿದ ಹಾಗೇ ಊರೂರಿಗೆ ಹೋಗುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಹೆಂಡತಿಯನ್ನು ಸೊಲ್ಲಾಪುರಕ್ಕೆ ಕರೆದೊಯ್ದ. ಎಂದಿನಂತೆ ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ, ಯಾವುದೋ ಅಂಗಡಿ ಹೊಕ್ಕು ಹೊರಬಂದ, ಹಿಂತಿರುಗುವ ಬಸ್ಸಿನಲ್ಲಿ ಕಾಗದದ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಒಳಗಿದ್ದದ್ದು ಆ ಕಾಲದ ಹೊಸ ಫ್ಯಾಷನ್ನು, ಪಾಲಿಯೆಸ್ಟರ್ ಸೀರೆ. ರೇಷ್ಮೆಯಲ್ಲಿ ಕೈಯಾಡಿಸಿದ ನೇಕಾರನ ಮನೆಯಲ್ಲಿ ಪಾಲಿಯೆಸ್ಟರ್ ಪೆಟ್ಟಿಗೆಯ ತಳದ ನಿಧಿಯಾಯಿತು. ಓಣಿಯ ಹೆಂಗಸರು ನಗಾಡುತ್ತಿದ್ದರು. ನಕ್ಕರೆ ನಗಲಿ ಎಂದು ಪಾರವ್ವ ವರ್ಷಕ್ಕೊಮ್ಮೆ ಉಟ್ಟೇ ಉಡುತ್ತಿದ್ದಳು.

ಮರುದಿನ ಪ್ರಯೋಗಶಾಲೆಯಲ್ಲಿ ಮುಧೋಳ ಸರ್ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಎಲ್ಲಾ ಇದ್ದಲಿ ಹೀರಿಕೊಂಡೈತಿ. ತಿಳಿ ಬಂದೈತಿ. ಒಡಿಯೂದ್ರಾಗ ನಾವು ಶೂರರು ಮೇಡಮ್ಮರ. ಕಟ್ಟೂದು?"

"ಕಟ್ಟಬೇಕ್ರಿ ಸರ್. ನಮ್ಮತ್ತಿಗಿ ಮಾತು ಕೊಟ್ಟೀನಿ."

"ನಾ ಆ ಸಾಲು ಹೊಡದು ಹಾಕಿದ್ದೆ."

"ಗೊತ್ತೈತ್ರಿ ಸರ್. ನೆನಪ ಮಾಡಬ್ಯಾಡ್ರಿ."

ವಿಷಯ ಹೇಳಲಿಕ್ಕೆ ಸುಲಭ. ಎರಡು ಬಗೆಯ ಸಣ್ಣ ಅಣುಗಳು ಒಂದಾದ ಮೇಲೊಂದರಂತೆ ಕೈಹಿಡಿದು ನಿಂತ ಉದ್ದನೆಯ ಸರಪಳಿಯೇ ಪಾಲಿಯೆಸ್ಟರ್. ಒಂದು ಆಮ್ಲ, ಇನ್ನೊಂದು ಗ್ಲೈಕಾಲ್. ಎರಡೂ ಕೈಹಿಡಿಯುವಾಗ ನೀರಿನ ಒಂದು ಅಣು ಹೊರಬೀಳುತ್ತದೆ. ಕೈಬಿಡಿಸಬೇಕೆಂದರೆ ಒಂದು ಅಣು ನೀರು ನಡುವೆ ಹೊಗಬೇಕು. ನೂಲಿಗೆ ಬಣ್ಣ ಕಟ್ಟುವ ಬಣ್ಣದ ಮನೆಯ ಹಿಂದಿನ ಚಿಂದಿ ಗುಡ್ಡೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವೊಂದನ್ನು ಪಳಗಿಸಿ ಕೇಂದ್ರದವರು ಪಡೆದ ಕಿಣ್ವ ಈ ವಿದ್ಯೆಯಲ್ಲಿ ಪಳಗಿದ ಕೈ. ನೀರು ಧಾರಾಳವಾಗಿದ್ದರೆ ಕತ್ತರಿಸುತ್ತದೆ. ನೀರನ್ನು ಹೀರಿ ತೆಗೆಯುತ್ತ ಹೋದರೆ ಅದೇ ಕಿಣ್ವ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಜೋಡಿಸುತ್ತದೆ.

ಜೋಡಿಸುತ್ತದೆ ನಿಜ, ಆದರೆ ಮೂವತ್ತು ನಲವತ್ತು ಕೊಂಡಿಗಳಾಗುವಷ್ಟರಲ್ಲಿ ಕೈಚೆಲ್ಲುತ್ತದೆ. ನೂಲಾಗಲು ನೂರಕ್ಕೆ ಮೇಲೆ ಬೇಕು. ಪಾತ್ರೆಯೊಳಗಿನ ಪಾಕ ಗಟ್ಟಿಯಾದಂತೆಲ್ಲ ತುದಿಗೆ ತುದಿ ಸಿಕ್ಕದೆ ಸರಪಳಿಗಳು ಅಲ್ಲಲ್ಲೇ ನಿಂತುಬಿಡುತ್ತವೆ. ಮೊದಲ ವಾರದ ಕೊನೆಗೆ ದಾನೇಶ್ವರಿಯ ಕೈಗೆ ಬಂದದ್ದು ನೂಲಲ್ಲ, ಹಿಟ್ಟು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಉದುರಿಹೋಗುವ ಬಿಳಿ ಹಿಟ್ಟು. ಸಮಾಧಾನವೆಂದರೆ ಕೆಟ್ಟದ್ದನ್ನು ಮತ್ತೆ ನೀರಿಗೆ ಹಾಕಿ ಒಡೆದು ಮೊದಲಿನಿಂದ ಶುರುಮಾಡಬಹುದಿತ್ತು. ಅಸಮಾಧಾನವೆಂದರೆ ಹಾಗೆ ಮಾಡಿದಾಗಲೆಲ್ಲ ಒಂದಿಷ್ಟು ಪಾತ್ರೆಗೆ, ಒಂದಿಷ್ಟು ಸೋಸುವ ಬಟ್ಟೆಗೆ ಹತ್ತಿ ಹಾಳಾಗುತ್ತಿತ್ತು. ಸೀರೆ ಸವೆಯುತ್ತಿತ್ತು.

ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲೇ ಪ್ರಶ್ನೆ.

"ಏನಬೇ ದಾನವ್ವ, ನನ್ನ ಸೀರಿ ಎಲ್ಲಿತನಕ ಬಂತು?"

ಸೀರೆಯೇನೋ ಸೊಲ್ಲಾಪುರದಿಂದ ಬಸ್ಸು ಹತ್ತಿ ಬರುತ್ತಿದೆಯೆಂಬ ಧಾಟಿ. ದಾನೇಶ್ವರಿ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ನುಗ್ಗಿ, ಅಲ್ಲಿಂದಲೇ "ಬರಾಕತ್ತೈತ್ರಿ ಅತ್ತಿ, ಬರಾಕತ್ತೈತಿ" ಎನ್ನುತ್ತಿದ್ದಳು. ಅವಳ ಗಂಡ ಈರಣ್ಣ ಸರ್ಕಾರಿ ಬಸ್ಸಿನ ಕಂಡಕ್ಟರ್. "ಹುನಗುಂದ ಬಿಟ್ಟೈತಂತ ಹೇಳು, ಇನ್ನೇನು ಮುಟ್ಟಾಕ ಬಂತು," ಎಂದು ತಟ್ಟೆಯ ಮುಂದೆ ಕೂತು ಕಿಸಿಕಿಸಿ ನಗುತ್ತಿದ್ದ. ಹೆಂಡತಿಯ ಕಣ್ಣು ಕಂಡೊಡನೆ ರೊಟ್ಟಿಯ ಮೇಲೆ ಗಮನ ಕೊಡುತ್ತಿದ್ದ.

ಎರಡನೆಯ ವಾರವೂ ಹಿಟ್ಟೇ. ಮುಧೋಳ ಸರ್ ಚಹದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತ ಒಂದು ಉಪಾಯ ಹೇಳಿದರು.

"ಮೇಡಮ್ಮರ, ಬಜಾರದಾಗ ಪಾಲಿಯೆಸ್ಟರ್ ನೂಲು ಬೇಕಾದಷ್ಟು ಸಿಗತೈತಿ. ಒಂದ ಉಂಡಿ ತಂದು ಇದ ನಿಮ್ಮ ಸೀರಿ ಅನ್ರಿ. ಸುಳ್ಳು ಅನ್ನಾಕೂ ಬರಂಗಿಲ್ಲ. ಅದರಾಗಿನ ಅಣು ಬ್ಯಾರೆ ಅಲ್ಲ, ಇದರಾಗಿನ ಅಣು ಬ್ಯಾರೆ ಅಲ್ಲ. ಅಣುವಿನ ಮ್ಯಾಲ ಯಾರ ಹೆಸರೂ ಬರದಿರಂಗಿಲ್ಲ."

ಮಾತು ಶಾಸ್ತ್ರಬದ್ಧವಾಗಿತ್ತು. ಜಗತ್ತಿನ ಯಾವ ಯಂತ್ರಕ್ಕೂ ಎರಡರ ವ್ಯತ್ಯಾಸ ಹಿಡಿಯಲು ಬರುತ್ತಿರಲಿಲ್ಲ. ಅಂದು ಸಂಜೆ ದಾನೇಶ್ವರಿ ಬಜಾರಿಗೆ ಹೋಗಿ ಒಂದು ಉಂಡೆ ನೂಲು ತಂದೂ ಬಿಟ್ಟಳು. ಚೀಲದೊಳಗೆ ಬಚ್ಚಿಟ್ಟುಕೊಂಡು ಮನೆ ಹೊಕ್ಕರೆ ಅತ್ತೆ ಎಂದಿನ ಪ್ರಶ್ನೆ ಕೇಳಲಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೊಂಡಿ ಹಾಕುತ್ತಿದ್ದಳು.

ಇಳಕಲ್ ಸೀರೆಯ ಗುಟ್ಟೇ ಆ ಕೊಂಡಿ. ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಸಿ ಮಗ್ಗಕ್ಕೆ ಏರಿಸುತ್ತಾರೆ. ಸಾವಿರಾರು ಎಳೆ. ಪಾರವ್ವ ಹನ್ನೆರಡನೆಯ ವಯಸ್ಸಿನಿಂದ ಊರಮಂದಿಯ ಸೀರೆಗಳಿಗೆ ಕೊಂಡಿ ಹಾಕಿದವಳು. ಈಗಲೂ ಪಕ್ಕದ ಮಗ್ಗದವರು ಅಡಚಣೆಯಾದಾಗ ಅವಳಲ್ಲಿಗೇ ಬರುತ್ತಿದ್ದರು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಮಂಜು ಹಿಡಿದಿರಲಿಲ್ಲ.

ಪಾಪಪ್ರಜ್ಞೆಯಿಂದ ದಾನೇಶ್ವರಿ ಪಕ್ಕದಲ್ಲಿ ಕೂತು, ತಾನೂ ಒಂದೆರಡು ಎಳೆ ಸಿಕ್ಕಿಸಲು ಹೋದಳು. ಇತ್ತಣ ಒಂದು ಎಳೆ ಹಿಡಿದಳು, ಅತ್ತಣ ಒಂದನ್ನು ಹುಡುಕಿದಳು, ಅಷ್ಟರಲ್ಲಿ ಮೊದಲಿನದು ಜಾರಿಹೋಯಿತು.

ಪಾರವ್ವ ಸೊಸೆಯ ಕೈಮೇಲೆ ಪಟ್ಟನೆ ಹೊಡೆದಳು. "ಹಂಗ ಸಿಕ್ಕಸಿಕ್ಕ ಎಳಿ ಹಿಡಕೊಂಡ ಕುಂತ್ರ ಉಗಾದಿ ಅಲ್ಲ, ದೀಪಾವಳಿ ಬರತೈತಿ. ಮೈಯಿನ ಎಳಿ ಎಲ್ಲಾ ಮೊದಲ ತಯಾರಾಗಿ ನಿಂತಿರಬೇಕು. ಸೆರಗಿನವು ಎಲ್ಲಾ ಬ್ಯಾರೆ ಕಡೆ ತಯಾರಾಗಿ ನಿಂತಿರಬೇಕು. ಅದು ಇದಕ್ಕ ಬಿಟ್ಟು ಯಾತಕ್ಕೂ ಕೂಡಬಾರದು, ಇದು ಅದಕ್ಕ ಬಿಟ್ಟು ಯಾತಕ್ಕೂ ಕೂಡಬಾರದು. ಆಮ್ಯಾಲ ಎದರಾಬದರ ತರೂದು. ಅಷ್ಟ ನೋಡಬೇ, ಹುಡುಕೂ ಕೆಲಸಾನ ಇಲ್ಲ."

ದಾನೇಶ್ವರಿ ಎಳೆ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಕೂತಳು.

"ಅತ್ತಿ, ಇನ್ನೊಮ್ಮೆ ಹೇಳ್ರಿ."

"ಯಾಕ, ಕಿವಿ ಕೇಳಸವಲ್ವೇನು?"

"ಕೇಳಸ್ತ್ರಿ. ಆದ್ರೂ ಹೇಳ್ರಿ."

ಮರುದಿನ ಮುಂಜಾನೆ ಎಂಟಕ್ಕೇ ಅವಳು ಕೇಂದ್ರದಲ್ಲಿದ್ದಳು. ಹಿಟ್ಟನ್ನು ಮತ್ತೆ ಒಡೆದು, ಬಂದ ತಿಳಿಯನ್ನು ಎರಡು ಪಾಲು ಮಾಡಿದಳು. ಒಂದು ಪಾತ್ರೆಯಲ್ಲಿ ಗ್ಲೈಕಾಲ್ ತುಸು ಹೆಚ್ಚಿಟ್ಟು ಗಿಡ್ಡ ಸರಪಳಿಗಳನ್ನು ಕಟ್ಟಿದಳು. ಅಲ್ಲಿನ ಸರಪಳಿಗಳ ಎರಡೂ ತುದಿಗೆ ಗ್ಲೈಕಾಲೇ. ಇನ್ನೊಂದರಲ್ಲಿ ಆಮ್ಲ ತುಸು ಹೆಚ್ಚು. ಅಲ್ಲಿ ಎರಡೂ ತುದಿಗೆ ಆಮ್ಲವೇ. ಒಂದರೊಳಗಿನವು ತಮ್ಮತಮ್ಮಲ್ಲೇ ಕೂಡುವಂತಿಲ್ಲ. ಮೈ ಒಂದು ಕಡೆ, ಸೆರಗು ಒಂದು ಕಡೆ. ಆಮೇಲೆ ಎರಡನ್ನೂ ಸರಿಯಾದ ಅಳತೆಯಲ್ಲಿ ಒಟ್ಟು ಸುರಿದು, ಕಿಣ್ವ ಹಾಕಿ, ನೀರು ಹೀರುವ ಪಂಪು ಹಚ್ಚಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ನಿಯಂತ್ರಣ ಕೋಣೆಯ ಪರದೆಯ ಮೇಲೆ ಕೊಂಡಿಗಳ ಲೆಕ್ಕ ನಲವತ್ತು ದಾಟಿತು. ಅರವತ್ತಾಯಿತು. ಮುಧೋಳ ಸರ್ ಚಹದ ಕಪ್ಪನ್ನು ಕೆಳಗಿಟ್ಟರು. ನೂರಾ ಹತ್ತಾಗುವಾಗ ಅವರು ಎದ್ದು ನಿಂತಿದ್ದರು. ನೂರಾ ನಲವತ್ತಕ್ಕೆ ದಾನೇಶ್ವರಿ ಪಾಕವನ್ನು ಬಿಸಿಮಾಡಿ ಶಾವಿಗೆ ಒತ್ತಿದಂತೆ ಸಣ್ಣ ತೂತುಗಳಿಂದ ಒತ್ತಿದಳು. ಎಳೆ ಇಳಿಯಿತು. ಎಳೆದಳು, ಹರಿಯಲಿಲ್ಲ. ಇನ್ನೂ ಎಳೆದಳು, ಇನ್ನಷ್ಟು ಗಟ್ಟಿಯಾಯಿತು.

"ಇದನ್ನ ಯಾವ ಪುಸ್ತಕದಾಗ ಓದಿದ್ರಿ ಮೇಡಮ್ಮರ?"

"ಪಡಸಾಲಿಯಾಗ್ರಿ ಸರ್," ಎಂದಳು ದಾನೇಶ್ವರಿ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬಜಾರಿನಿಂದ ತಂದ ನೂಲುಂಡೆಯನ್ನು ಮೇಜಿನ ಕೆಳಗಿನ ಖಾನೆಗೆ ತಳ್ಳಿದಳು.

ಸಂತೋಷ ತೂಕದ ಯಂತ್ರದವರೆಗೆ ಬಾಳಿತು. ನೂಲು ತೊಂಬತ್ತು ಗ್ರಾಂ. ಸೀರೆ ನಾನೂರು ಗ್ರಾಂ ಇತ್ತು. ಎರಡು ವಾರದ ಹಿಟ್ಟಿನಾಟದಲ್ಲಿ ಉಳಿದದ್ದೆಲ್ಲ ಪಾತ್ರೆ ಪಗಡೆಗೆ ಬಳಿದುಹೋಗಿತ್ತು. ಇಡೀ ಸೀರೆಯ ಮಾತಿರಲಿ, ಒಂದು ಸೆರಗಿಗೂ ನೂರೈವತ್ತು ಗ್ರಾಂ ಬೇಕು. ಮೇಜಿನ ಖಾನೆಯಲ್ಲಿ ಬಜಾರಿನ ಉಂಡೆ ಕೈಯಳತೆಯಲ್ಲೇ ಇತ್ತು. ಅರವತ್ತು ಗ್ರಾಂ ಬೆರೆಸಿದರೆ ಮುಗಿಯಿತು. ಅಣುವಿಗಂತೂ ನೆನಪಿಲ್ಲ. ಆದರೆ ತನಗಿದೆಯಲ್ಲ! ಪ್ರತಿ ವರ್ಷ ಅತ್ತೆ ಆ ಸೆರಗು ಹೊದ್ದು ಎದುರಿಗೆ ಬಂದಾಗ ತಾನು ಯಾವ ಕಡೆ ನೋಡುವುದು? ಖಾನೆಯನ್ನು ತೆರೆಯದೆಯೇ ಅವಳು ಮನೆಗೆ ಹೊರಟಳು.

"ಅತ್ತಿ, ನಾ ಸುಳ್ಳು ಹೇಳೀನ್ರಿ," ಎಂದಳು, ಚಪ್ಪಲಿಯನ್ನೂ ಬಿಡದೆ. "ಅವತ್ತ ಮೈಕಿನ್ಯಾಗ ಹೇಳಿದಾಗ ಕಟ್ಟೂದು ನಮಗ ಬರ್ತಿರಲಿಲ್ಲ. ನಿನ್ನೆತನಕಾ ಬರ್ತಿರಲಿಲ್ಲ. ಕಲಿಯೂದ್ರಾಗ ನಿಮ್ಮ ಸೀರಿ ಮುಕ್ಕಾಲು ಪಾಲು ಹೋತ್ರಿ. ಇಷ್ಟ ಉಳದೈತಿ. ಒಂದು ಸೆರಗಿಗೂ ಸಾಲಂಗಿಲ್ಲ."

ಹಸ್ತದಷ್ಟಿದ್ದ ಬಿಳಿ ನೂಲಿನ ಲಡಿಯನ್ನು ಅತ್ತೆಯ ಮಡಿಲಲ್ಲಿಟ್ಟಳು. ಪಾರವ್ವ ಲಡಿಯನ್ನು ಬೆಳಕಿಗೆ ಹಿಡಿದಳು. ಒಂದು ಎಳೆ ಬಿಡಿಸಿದಳು, ತುಟಿಗೆ ಸೋಕಿಸಿದಳು, ಉಗುರಿನ ಮೇಲೆ ಎಳೆದು ನೋಡಿದಳು. ದಾನೇಶ್ವರಿ ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಎರಡು ವಾರದಿಂದ ಬಚ್ಚಲದಾಗಿಂದ ಉತ್ತರಾ ಕೊಡಾಕತ್ತೀ," ಎಂದಳು ಪಾರವ್ವ ಕೊನೆಗೆ. "ನನಗ ತಿಳಿಯಂಗಿಲ್ಲೇನು? ತಿಳದ ಕೇಳ್ತಿದ್ದೆ, ನೀ ಕೈಬಿಡಬಾರದಂತ. ಸೆರಗಿಗಿ ಎಷ್ಟ ಕಡಿಮಿ ಬೀಳತೈತಿ?"

"ಅರವತ್ತು ಗ್ರಾಂ. ಬ್ಯಾರೇದವರ ಬಟ್ಟಿ ಕೂಡಿಸಬಹುದ್ರಿ, ಆದ್ರ..."

"ಬ್ಯಾರೇದವರದು ಯಾಕ?"

ಪಾರವ್ವ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಹೊರಬಂದಾಗ ಅವಳ ಕೈಯಲ್ಲಿ ಬಿಸ್ಕತ್ತಿನ ಬಣ್ಣದ ಟೆರಿಕಾಟ್ ಅಂಗಿಯಿತ್ತು. ಕೊರಳಪಟ್ಟಿ ಸವೆದಿತ್ತು, ಮೇಲಿನ ಗುಂಡಿಯ ಜಾಗದಲ್ಲಿ ಪಿನ್ನು ಇತ್ತು. ಸಂಗಪ್ಪ ಸಂತೆಗೂ ಮದುವೆಗೂ ತೊಡುತ್ತಿದ್ದ ಒಂದೇ ಅಂಗಿ.

"ನಿಮ್ಮ ಮಾವನವರದು. ಇದನ್ನ ಕೂಡಿಸು."

"ಅತ್ತಿ, ಇದು ಮತ್ತ ಅಂಗಿಯಾಗಿ ಬರಂಗಿಲ್ರಿ. ಅದರಾಗ ಕೂಡಿತಂದ್ರ ಕೂಡಿಹೋತು. ಯಾವ ಕೊಂಡಿ ಅವರದು, ಯಾವ ಕೊಂಡಿ ನಿಮ್ಮದು ಅಂತ ಯಾವ ಮಿಷನ್ನಿಗೂ ಗೊತ್ತಾಗಂಗಿಲ್ಲ."

"ಗೊತ್ತಾಗೂದ ಬ್ಯಾಡ," ಎಂದಳು ಪಾರವ್ವ.

ಮರುದಿನ ಅವಳೂ ಕೇಂದ್ರಕ್ಕೆ ಬಂದಳು. ನಿಯಂತ್ರಣ ಕೋಣೆಯಲ್ಲಿ ಮುಧೋಳ ಸರ್ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಚಹ ತರಿಸಿ, ಬ್ರೆಡ್ಡು ಅದ್ದಿ ತಿನ್ನುವುದನ್ನೂ ಹೇಳಿಕೊಟ್ಟರು. ಅಂಗಿಯಲ್ಲಿದ್ದ ಪಾಲಿಯೆಸ್ಟರ್ ಕರಗಿ, ಹತ್ತಿ ಮಾತ್ರ ಜಾಳುಜಾಳಾಗಿ ಉಳಿಯಿತು. ಅದನ್ನು ಬಿಸಾಡಲು ಪಾರವ್ವ ಬಿಡಲಿಲ್ಲ. ಹಿಂಡಿ ಒಣಗಿಸಿ ದೇವರ ಜಗಲಿಯ ದೀಪಕ್ಕೆ ಬತ್ತಿ ಹೊಸೆದಳು. ತೊಂಬತ್ತು ಗ್ರಾಂ ನೂಲನ್ನು ಮತ್ತೊಮ್ಮೆ ಒಡೆದರು, ಅಂಗಿಯ ತಿಳಿಯನ್ನು ಅದರೊಡನೆ ಸುರಿದರು, ಎರಡು ಪಾತ್ರೆಗಳಲ್ಲಿ ಗಿಡ್ಡ ಸರಪಳಿ ಕಟ್ಟಿದರು, ಆಮೇಲೆ ಎದುರಾಬದುರು ತಂದರು. ಈ ಸಲ ಒಂದು ಗುಲಗಂಜಿಯಷ್ಟೂ ಹಾಳಾಗದಂತೆ ದಾನೇಶ್ವರಿ ಪಾತ್ರೆಯನ್ನು ಬಳಿದು ತೆಗೆದಳು. ಪರದೆಯ ಮೇಲೆ ನೂರಾ ಐವತ್ತು ಕಂಡಾಗ ಪಾರವ್ವ, "ಬಂತೇನಬೇ?" ಎಂದಳು.

"ಬಂತ್ರಿ ಅತ್ತಿ. ಊರ ಅಗಸಿ ಬಾಗಲಾ ದಾಟಿ ಒಳಗ ಬಂತು."

ಬಣ್ಣದ ಮನೆಯಲ್ಲಿ ನೂಲು ದಾಳಿಂಬೆ ಕೆಂಪಾಯಿತು. ಮೈಗೆ ಕಡುನೀಲಿ ಹತ್ತಿಯ ಹಾಸು. ಎರಡಕ್ಕೂ ಕೊಂಡಿಯನ್ನು ಪಾರವ್ವ ತಾನೇ ಹಾಕಿದಳು, ಸೊಸೆಗೆ ಮುಟ್ಟಗೊಡಲಿಲ್ಲ. ಈರಣ್ಣ ವಾರದ ರಜೆ ಬರೆದು, ಅಪ್ಪನ ಮಗ್ಗದ ಮೇಲಿನ ಹಳೆಯ ಕ್ಯಾಲೆಂಡರು, ಹೆಲ್ಮೆಟ್ಟು, ಒಣಗುವ ಸಂಡಿಗೆಯ ತಟ್ಟೆಗಳನ್ನೆಲ್ಲ ತೆಗೆದು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ. ಹದಿನೈದು ವರ್ಷ ಟಿಕೆಟ್ಟು ಹರಿದ ಕೈಗೆ ಮೊದಲ ದಿನ ಲಾಳಿ ಒಲಿಯಲಿಲ್ಲ; ಎರಡನೆಯ ದಿನ ಒಲಿಯಿತು. ಪಾರವ್ವ ಪಕ್ಕದಲ್ಲಿ ಕೂತು ಅವನ ತಪ್ಪು ಎಣಿಸುತ್ತಿದ್ದಳು. ತಾನು ಕೊಂಡಿ ಹಾಕಿದ ಸೀರೆಯೊಂದು ಮಗ್ಗದಿಂದಿಳಿದು ಮನೆಯಲ್ಲೇ ಉಳಿಯುವುದು ಇದೇ ಮೊದಲೆಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಬಂದವರು ಸುಮ್ಮನೆ ಬಂದವರಲ್ಲ. ಸುದ್ದಿ ಆಗಲೇ ಓಣಿ ದಾಟಿತ್ತು. ಒಬ್ಬಾಕೆ ಅಪ್ಪನ ಸಫಾರಿ ಸೂಟು ತಂದಳು, ಮತ್ತೊಬ್ಬಾಕೆ ಮದುವೆಯಾಗಿ ಹೋದ ಮಗಳ ಶಾಲೆಯ ಲಂಗ. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರಿಬ್ಬರು ತಾಯಿಯ ಒಂದೇ ಸೀರೆಯಿಂದ ಎರಡು ಟವೆಲು ಆಗುತ್ತದೆಯೇ ಎಂದು ಒಟ್ಟಿಗೇ ಬಂದು ಕೇಳಿದರು. ಟನ್ನುಗಟ್ಟಲೆ ಚಿಂದಿಗೆಂದು ಕಟ್ಟಿದ ಕೇಂದ್ರದಲ್ಲಿ ಮುಧೋಳ ಸರ್ ನಲವತ್ತು ಸಣ್ಣ ಗಡಿಗೆಗಳಿಗೆ ಬೇಡಿಕೆ ಬರೆದರು. ಮೇಲಿನವರು ಯಾಕೆಂದು ಕೇಳಿದ್ದಕ್ಕೆ, ಮನೆಗೊಂದು ಬೇಕಾಗಿದೆ ಎಂದು ಒಂದೇ ಸಾಲು ಉತ್ತರ ಕಳಿಸಿದರು. ಅಣುವಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲವೆಂದಿದ್ದ ಮನುಷ್ಯ ತಾವೇ ಕೂತು ಗಡಿಗೆಗಳ ಮೇಲೆ ಹೆಸರು ಬರೆದರು.

ಯುಗಾದಿಯ ಮುಂಜಾನೆ ಪಾರವ್ವ ಎಣ್ಣೆನೀರು ಹಾಕಿಕೊಂಡು ಸೀರೆ ಉಟ್ಟು ಹೊರಗೆ ಬಂದಳು. ಕೆಂಪು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟಿದ್ದಳು. ದಾನೇಶ್ವರಿ ಕಾಲಿಗೆ ನಮಸ್ಕರಿಸಿ ಎದ್ದು ನೋಡಿದರೆ ಅತ್ತೆಯ ಕಣ್ಣು ತುಂಬಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಏನ್ರಿ ಅತ್ತಿ?"

"ಏನಿಲ್ಲಬೇ. ನಲವತ್ತೊಂದು ವರ್ಷ ಸಂಸಾರ ಮಾಡಿದೆ. ಎಲ್ಲಿ ಹೋಗಲಿ, ಆ ಮನಷ್ಯಾ ನನಗಿಂತ ಹತ್ತು ಹೆಜ್ಜಿ ಮುಂದ. ಒಂದಿನಾ ಹೊಳ್ಳಿ ನೋಡಲಿಲ್ಲ." ಪಾರವ್ವ ಕೈಯನ್ನು ಹಿಂದಕ್ಕೆ ಹಾಕಿ ಬೆನ್ನಿನ ಮೇಲಿನ ಸೆರಗನ್ನು ಒಮ್ಮೆ ಮುಟ್ಟಿಕೊಂಡಳು. "ಈಗ ನೋಡು, ಬೆನ್ನ ಹಿಂದ ಬರಬೇಕಾತು."

ಮೆಟ್ಟಿಲಿಳಿದು, ಯಾರಿಗೂ ಕಾಯದೆ, ಬಿಸಿಲು ಬಿದ್ದ ಓಣಿಯಲ್ಲಿ ಬಿರಬಿರನೆ ಹೊರಟಳು. ದಾನೇಶ್ವರಿಯೂ ಈರಣ್ಣನೂ ಚಪ್ಪಲಿ ಮೆಟ್ಟಿಕೊಂಡು ಬರುವಷ್ಟರಲ್ಲಿ ಅವಳು ಹತ್ತು ಹೆಜ್ಜೆ ಮುಂದಿದ್ದಳು.